ಹೊಕ್ಕುಳಿನ ಆಚೆ ತುದಿ

ಸ್ನಾನ ಮಾಡುವಾಗ ಹೊಕ್ಕುಳಿಗೆ ತಪ್ಪದೆ ಸೋಪು ಹಚ್ಚುವವರು ಎಷ್ಟು ಜನರಿದ್ದಾರೋ. ನಾನಂತೂ ನೆನಪಾದ ದಿನ ಮಾತ್ರ. ಮೈಮೇಲೆ ಅಷ್ಟು ಕೆಲಸವಿಲ್ಲದ ಜಾಗ ಇನ್ನೊಂದಿಲ್ಲ. ಆದರೆ ಒಂದು ಕಾಲಕ್ಕೆ ನಮ್ಮ ಬಾಯಿ, ಮೂಗು ಎರಡೂ ಅದೇ ಆಗಿತ್ತು. ಊಟವೂ ಅಲ್ಲಿಂದ, ಉಸಿರೂ ಅಲ್ಲಿಂದ. ಕಸ ಹೊರಗೆ ಹಾಕುತ್ತಿದ್ದುದೂ ಅದೇ ಬಾಗಿಲಿಂದ.

ಹೊಕ್ಕುಳಬಳ್ಳಿಯ ಈ ತುದಿ ಎಲ್ಲರಿಗೂ ಗೊತ್ತು. ಆಚೆ ತುದಿ ಅಮ್ಮನ ಕರುಳಿಗೇ ಸೇರಿರುತ್ತದೆ ಅಂತ ನಾನು ಬಹಳ ವರ್ಷ ನಂಬಿದ್ದೆ. ತಪ್ಪು ನನ್ನದಲ್ಲ, ಕನ್ನಡದ್ದು. ಕರುಳಬಳ್ಳಿ, ಕರುಳಕುಡಿ, ಹೆತ್ತ ಕರುಳು – ಎಲ್ಲಿ ನೋಡಿದರೂ ಕರುಳೇ. ಅಮ್ಮ ಉಂಡಿದ್ದು ಕರುಳಿಗೆ, ಅಲ್ಲಿಂದ ಪೈಪಿನಲ್ಲಿ ನೇರ ಮಗುವಿಗೆ. ಸರಳ ಲೆಕ್ಕ, ಅಲ್ವಾ? ಆದರೆ ಅಲ್ಲಿರುವುದು ಮಾಸು, ಅಂದರೆ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುವ ಪ್ಲಾಸೆಂಟಾ.

ಅದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಮಗಳು ಹುಟ್ಟಿದ ದಿನ. ಮೂಗು ಯಾರ ಕಡೆಯದು ಅಂತ ಎಲ್ಲರೂ ಚರ್ಚೆ ಮಾಡುತ್ತಿದ್ದರು. ನರ್ಸ್ ಒಬ್ಬರು ಮೂಲೆಯಲ್ಲಿ ಟ್ರೇ ಮುಂದೆ ಬಗ್ಗಿ ನಿಂತಿದ್ದರು. ಊಟದ ತಟ್ಟೆಯಷ್ಟು ಅಗಲ, ಸುಮಾರು ಅರ್ಧ ಕೆ.ಜಿ. ತೂಕದ ಕೆಂಪು ಮುದ್ದೆ. ಒಂದು ಮಗ್ಗುಲು ನುಣ್ಣಗೆ ಹೊಳೆಯುತ್ತಿತ್ತು. ಬಳ್ಳಿ ಸೇರುವ ಜಾಗದಿಂದ ರಕ್ತನಾಳಗಳು ಮರದ ಬೇರಿನ ಹಾಗೆ ಸುತ್ತ ಹರಡಿದ್ದವು. ಅವರು ಅದನ್ನು ಮಗುಚಿದರು. ಇನ್ನೊಂದು ಮಗ್ಗುಲು ಕಡುಗೆಂಪು, ಉಬ್ಬು ಉಬ್ಬು. ಒಂದೊಂದೇ ಉಬ್ಬನ್ನು ಬೆರಳಿಂದ ಸವರಿ, ಅಂಚಿಗೆ ಅಂಚು ಕೂಡಿಸಿ ನೋಡುತ್ತಿದ್ದರು. ಒಂದು ಚೂರು ಒಳಗೇ ಉಳಿದರೂ ತಾಯಿಗೆ ರಕ್ತಸ್ರಾವ ನಿಲ್ಲದೆ ಹೋಗಬಹುದಂತೆ.

ಆ ಉಬ್ಬುಗಳ ಒಳಗೆ ನಡೆಯುತ್ತಿದ್ದ ವ್ಯಾಪಾರ ಮಜವಾದದ್ದು. ತಾಯಿಯ ರಕ್ತ ಅಲ್ಲಿ ಕೊಳದ ಹಾಗೆ ತುಂಬುತ್ತದೆ. ದಿನ ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ಹರಿದು ಬರುತ್ತದೆ. ಮಗುವಿನ ರಕ್ತನಾಳಗಳು ಸಣ್ಣ ಸಣ್ಣ ಕವಲಾಗಿ ಆ ಕೊಳದಲ್ಲಿ ಮುಳುಗಿರುತ್ತವೆ. ಎಲ್ಲ ಕವಲುಗಳ ಮೇಲ್ಮೈ ಬಿಡಿಸಿ ಹಾಸಿದರೆ ಒಂದು ಸಣ್ಣ ಕೋಣೆಯ ನೆಲ ಮುಚ್ಚುತ್ತದೆ. ಆದರೂ ಎರಡು ರಕ್ತ ಬೆರೆಯುವುದಿಲ್ಲ. ನಡುವೆ ಗೋಡೆಯಿದೆ. ಕೊನೆಕೊನೆಗೆ ಅದರ ದಪ್ಪ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ನಾಲ್ಕೈದು ಪಾಲು, ಅಷ್ಟೇ.

ಈ ಗೋಡೆಗೆ ಒಬ್ಬೊಬ್ಬರಿಗೆ ಒಂದೊಂದು ನ್ಯಾಯ. ಆಮ್ಲಜನಕ ಸುಮ್ನೆ ದಾಟಿ ಬರುತ್ತದೆ. ಮಗುವಿನ ಹಿಮೋಗ್ಲೋಬಿನ್ನಿಗೆ ಹಿಡಿತ ಜಾಸ್ತಿ, ಅದು ಬಾಚಿಕೊಳ್ಳುತ್ತದೆ. ಗ್ಲೂಕೋಸಿಗೆ ಬೇರೆಯೇ ಗೇಟು, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು ಮಾತ್ರ ಪಂಪು ಹೊಡೆದ ಹಾಗೆ ಎಳೆಯುತ್ತದೆ. ಹಾಗಾಗಿ ಅವು ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚು! ಕೊನೆಯ ತಿಂಗಳುಗಳಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನೂ ಬುತ್ತಿ ಕಟ್ಟಿ ಕಳಿಸುತ್ತದೆ. ಆ ಕಡೆಯಿಂದ ಇಂಗಾಲದ ಡೈಆಕ್ಸೈಡು, ಯೂರಿಯಾ ವಾಪಸು.

ಇಷ್ಟು ಕಟ್ಟುನಿಟ್ಟು ನೋಡಿ ಈ ಕಾವಲುಗಾರ ಕೆಟ್ಟದ್ದನ್ನೆಲ್ಲ ತಡೆಯುತ್ತಾನೆ ಅಂತ ಡಾಕ್ಟರುಗಳೇ ಬಹುಮಟ್ಟಿಗೆ ನಂಬಿದ್ದರು. 1961ರಲ್ಲಿ ಥಾಲಿಡೊಮೈಡ್ ಮಾತ್ರೆಯ ಕಥೆ ಬಯಲಾಯಿತು. ಬಸುರಿಯರು ನುಂಗಿದ ಆ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಪೂರ್ತಿ ಬೆಳೆಯದೆ ಹುಟ್ಟಿದ್ದವು. ಮದ್ಯ, ನಿಕೋಟಿನ್ ಕೂಡ ಅಷ್ಟೇ, ಯಾರನ್ನೂ ಕೇಳದೆ ಒಳಗೆ ನುಗ್ಗುತ್ತವೆ.

ಕಮಿಷನ್ ಇಲ್ಲದ ದಲ್ಲಾಳಿಯೂ ಇದಲ್ಲ. ತಾಯಿಯಿಂದ ತೆಗೆದುಕೊಂಡ ಸಕ್ಕರೆ, ಆಮ್ಲಜನಕದಲ್ಲಿ ದೊಡ್ಡ ಪಾಲು ತನ್ನ ಖರ್ಚಿಗೇ. ಸಾಲದ್ದಕ್ಕೆ ಒಂದು ಹಾರ್ಮೋನು ಬಿಟ್ಟು ತಾಯಿಯ ಇನ್ಸುಲಿನ್ನಿನ ಆಟವನ್ನೂ ಸ್ವಲ್ಪ ಮಂದ ಮಾಡುತ್ತದೆ. ಸಕ್ಕರೆ ಅವಳ ರಕ್ತದಲ್ಲೇ ಉಳಿಯಲಿ, ಇತ್ತ ಬರಲಿ ಅಂತ.

ಇದೆಲ್ಲ ಯಾರ ಕೆಲಸ? ಅಮ್ಮನದಲ್ಲ, ಮಗುವಿನ ಕಡೆಯದು. ಮಗು ಬೆಳೆದ ಅದೇ ಮೊಟ್ಟೆಯಿಂದ ಮಾಸೂ ಬೆಳೆಯುತ್ತದೆ. ಅಮ್ಮ ಕೊಡುವುದು ಜಾಗ, ರಕ್ತ, ಒಂದು ತೆಳು ಅಸ್ತರಿ. ಬಂದ ನೆಂಟ ನಡುಮನೆಯಲ್ಲೇ ತನ್ನ ಅಡುಗೆಮನೆ ಕಟ್ಟಿಕೊಂಡ, ದಿನಸಿ ಮಾತ್ರ ಮನೆಯವರದು. ನನಗಂತೂ ಈ ವಿಷಯ ಗೊತ್ತಾದ ಮೇಲೆ ಅಮ್ಮನ ಮೇಲೆ ಗೌರವ ಜಾಸ್ತಿಯೇ ಆಯಿತು. ನೆಂಟನ ಮೇಲೆ ಸ್ವಲ್ಪ ಅನುಮಾನ.

"ಪೂರ್ತಿ ಇದೆ" ಅಂದರು ನರ್ಸ್. ಟ್ರೇ ಮುಚ್ಚಿ ಹೊರಗೆ ಒಯ್ದರು. ಒಂಬತ್ತು ತಿಂಗಳು ದುಡಿದದ್ದು ಹೊರಟುಹೋದರೂ ಯಾರೂ ತಿರುಗಿ ನೋಡಲಿಲ್ಲ. ಅದರ ಒಡತಿ ಆಗಲೇ ಬಾಯಿ ಅಗಲಿಸಿ ಇನ್ನೊಂದು ದಾರಿ ಹುಡುಕುತ್ತಿದ್ದಳು.