ಹಾರ್ಮಂಡ್ಸ್‌ವರ್ತ್ ಊರು ನೆಲಸಮ ಆಗಿಲ್ಲ: ಸತ್ಯಾಂಶ

ಲಂಡನ್‌ನ ಹೀಥ್ರೋ ಏರ್‌ಪೋರ್ಟ್‌ಗಾಗಿ ಪಕ್ಕದ ಹಳೇ ಹಳ್ಳಿ ಹಾರ್ಮಂಡ್ಸ್‌ವರ್ತನ್ನ, ಅಲ್ಲಿರೋ 600 ವರ್ಷದ ಮರದ ಕಣಜದ ಸಮೇತ ಕೆಡವಿಬಿಟ್ರು ಅಂತ ಒಂದು ಮೆಸೇಜ್ ಫಾರ್ವರ್ಡ್ ಆಗ್ತಿದೆ. ಇದು ನಿಜ ಅಲ್ಲ, ಊರೂ ಇದೆ ಕಣಜಾನೂ ಇದೆ.

ಎರಡು ಬೇರೆ ಊರಿನ ಕಥೆ ಇಲ್ಲಿ ಕಲಸಿಹೋಗಿದೆ ಅನ್ಸುತ್ತೆ. ಪೂರ್ತಿ ಅಳಿಸಿಹೋಗಿದ್ದು ಹೀಥ್ರೋ ಅನ್ನೋ ಪುಟ್ಟ ಹಳ್ಳಿ, 1944ರಲ್ಲಿ ಯುದ್ಧದ ಟೈಮಲ್ಲಿ ವಿಮಾನ ನಿಲ್ದಾಣ ಕಟ್ಟೋಕೆ ಅಂತ ಅದನ್ನ ಕೆಡವಿದ್ರು, ಈಗ ಅದರ ಹೆಸರು ಮಾತ್ರ ಏರ್‌ಪೋರ್ಟ್ ಮೇಲೆ ಉಳಿದಿದೆ, ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಹಾರ್ಮಂಡ್ಸ್‌ವರ್ತ್ ಮಾತ್ರ ಉಳ್ಕೊಂಡಿದೆ. 1426-27ರಲ್ಲಿ ವಿಂಚೆಸ್ಟರ್ ಕಾಲೇಜಿನವರು ತಮ್ಮ ಜಮೀನಿನ ಬೆಳೆ ಇಡೋಕೆ ಕಟ್ಟಿಸಿದ ಆ ಓಕ್ ಮರದ ಕಣಜ ಹತ್ತಿರಹತ್ತಿರ 58 ಮೀಟರ್ ಉದ್ದ ಇದೆ, ಒಳಗಿನ ಕಂಬ ತೊಲೆಗಳಲ್ಲಿ ಬಹುಪಾಲು ಆಗಿನ ಕಾಲದವೇ, ಕವಿ ಜಾನ್ ಬೆಟ್ಜಮನ್ ಇದನ್ನ ಮಿಡ್ಲ್‌ಸೆಕ್ಸ್‌ನ (ಆ ಭಾಗದ ಹಳೇ ಜಿಲ್ಲೆ) ಕೆಥೆಡ್ರಲ್, ಅಂದ್ರೆ ದೊಡ್ಡ ಚರ್ಚ್, ಅಂತ ಕರೆದಿದ್ರು. 2012ರಿಂದ ಹಳೇ ಕಟ್ಟಡಗಳನ್ನ ಕಾಪಾಡೋ ಇಂಗ್ಲಿಷ್ ಹೆರಿಟೇಜ್ ಅನ್ನೋ ಸಂಸ್ಥೆ ಇದನ್ನ ನೋಡ್ಕೊಳ್ತಿದೆ.

ಹಾಗಂತ ಊರು ಹೋಗಬಹುದು ಅನ್ನೋ ಭಯ ಪೂರ್ತಿ ಸುಳ್ಳಲ್ಲ. ಮೂರನೇ ರನ್‌ವೇ ಪ್ಲಾನ್‌ಗೆ 2018ರಲ್ಲಿ ಪಾರ್ಲಿಮೆಂಟ್ ಒಪ್ಪಿತ್ತು, 2020ರಲ್ಲಿ ಕೋರ್ಟಲ್ಲಿ ಒಮ್ಮೆ ಬಿದ್ದು ಅದೇ ವರ್ಷ ಸುಪ್ರೀಂ ಕೋರ್ಟಲ್ಲಿ ಮತ್ತೆ ಎದ್ದಿತು, 2025ರಲ್ಲಿ ಸರ್ಕಾರ ಬೆಂಬಲ ಕೊಟ್ಟಿದೆ. ಅದು ಜಾರಿಯಾದ್ರೆ ಊರಿನ ಎಷ್ಟೋ ಮನೆ ಹೋಗುತ್ತೆ. ಆದ್ರೆ ಪ್ಲಾನ್ ಬೇರೆ, ಕೆಡವಿದ್ದು ಬೇರೆ, ಅಲ್ಲಿ ಇವತ್ತೂ ಜನ ವಾಸ ಮಾಡ್ತಿದ್ದಾರೆ.