ಹಾಸನಾಂಬೆ ಬಾಗಿಲು ತೆರೆದಳು, ನಮ್ಮ ಬೀದಿ ಬಂದ್

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿ ತೆರೆಯುತ್ತದೆ. ಅದಕ್ಕೂ ಮುಂಚೆ ಆಡಳಿತದ ಕಣ್ಣು ತೆರೆಯುತ್ತದೆ. ವರ್ಷಪೂರ್ತಿ ಅರ್ಜಿ ಕೊಟ್ಟರೂ ಮುಚ್ಚದ ಗುಂಡಿ ರಾತ್ರೋರಾತ್ರಿ ಮಾಯ. ಜಲ್ಲಿಯ ಮೇಲೆ ಒಂದು ಪದರ ಡಾಂಬರು ಬಳಿಯುತ್ತಾರೆ, ಅಷ್ಟೆ. ಬಲಿಪಾಡ್ಯಮಿ ದಾಟುವವರೆಗೆ ಬಾಳಿದರೆ ಸಾಕು. ಅಷ್ಟರಲ್ಲಿ ದೇವಿಯ ಬಾಗಿಲೂ ಮುಚ್ಚಿರುತ್ತದೆ, ಬಿಲ್ಲೂ ಪಾಸಾಗಿರುತ್ತದೆ.

ಚರಂಡಿಗೆ ಚಪ್ಪಡಿ ಹಾಕಿಸಿ ಎಂದರೆ ಅನುದಾನವಿಲ್ಲ. ಅದೇ ಚರಂಡಿ ಕಾಣದ ಹಾಗೆ ಸ್ವಾಗತದ ಫ್ಲೆಕ್ಸ್ ನಿಲ್ಲಿಸಲು ಮಾತ್ರ ದುಡ್ಡು ಎಲ್ಲಿಂದಲೋ ಉದುರುತ್ತದೆ. ಸದ್ಯ ನಮ್ಮ ಚರಂಡಿಯನ್ನು ಏಳೆಂಟು ಮುಖಂಡರು ಕೈಮುಗಿದು ಕಾಯುತ್ತಿದ್ದಾರೆ.

ಭಕ್ತರಿಗೆ ಶೌಚಾಲಯ ಎಲ್ಲಿದೆ ಎಂದು ತೋರಿಸುವ ಬೋರ್ಡನ್ನೂ ಒಂದು ಫ್ಲೆಕ್ಸ್ ಮರೆ ಮಾಡಿದೆ. ಹೀಗಾಗಿ ನಮ್ಮ ಕಾಂಪೌಂಡೇ ಗತಿ. ತಡೆಯಲೆಂದು ದೇವರ ಟೈಲ್ಸ್ ಅಂಟಿಸಿದೆವು. ಕೆಲವರು ಕುಂಕುಮ ಹಚ್ಚಿ ಕಾಸಿಟ್ಟು ಹೋದರು. ಉಳಿದವರು ಭಕ್ತಿಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕೆಲಸ ಮುಗಿಸಿದರು.

ದೇಗುಲದಲ್ಲಿ ಸೊಸೆ ಕಲ್ಲು ಎಂಬುದಿದೆ. ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ಉತ್ಸವದ ದಿನಗಳಲ್ಲಿ ನಮ್ಮ ಬೀದಿಯ ಬಾಯಲ್ಲಿ ಸಿಕ್ಕಿಕೊಂಡ ಆಟೋದೊಳಗೆ ಕೂತು ನೋಡಿ. ಕಲ್ಲೇ ಮೊದಲು ತಲುಪುತ್ತದೆ.

ಎದುರು ಮನೆಯ ಅಜ್ಜಿ ಬೆಳಿಗ್ಗೆ ಅರ್ಧ ಲೀಟರ್ ಹಾಲು ತರಲು ಹೋದವರು ವಾಪಸು ಬರುವಾಗ ಬ್ಯಾರಿಕೇಡ್ ಬಿದ್ದಿತ್ತು.

‘ಪಾಸ್ ಇದೆಯೇನಜ್ಜಿ?’ ಎಂದ, ಬೇರೆ ಜಿಲ್ಲೆಯಿಂದ ಬಂದೋಬಸ್ತಿಗೆ ಬಂದಿದ್ದ ಹುಡುಗ ಪೊಲೀಸಪ್ಪ.

‘ಅದೇ ನೋಡಪ್ಪ ನಮ್ಮನೆ, ನೀಲಿ ಗೇಟು.’

‘ಎಲ್ಲರೂ ಹಿಂಗೇ ಹೇಳ್ತಾರೆ. ಧರ್ಮದರ್ಶನದ ಸಾಲು ಆ ಕಡೆ.’

ಪಕ್ಕದಲ್ಲಿ 300 ರೂಪಾಯಿ ಸಾಲು, ಅದರಾಚೆ 1000 ರೂಪಾಯಿ ಸಾಲು. ಅಜ್ಜಿ ಎರಡನ್ನೂ ನೋಡಿ ಕೇಳಿದರು: ‘ನಮ್ಮನೆಗೆ ಬೇಗ ಹೋಗೋಕೆ ಯಾವ ಟಿಕೆಟ್ ತಗೋಬೇಕಪ್ಪ?’ ಕೊನೆಗೆ ಧರ್ಮದರ್ಶನದ ಸಾಲಲ್ಲೇ ನುಗ್ಗಿ, ದೇವಿಗೆ ಕೈಮುಗಿದು, ಸುತ್ತು ಹಾಕಿ ಮನೆ ಸೇರುವಷ್ಟರಲ್ಲಿ ಹಾಲು ಒಡೆದಿತ್ತು. ಆ ಹೊತ್ತಿಗೆ ನೀಲಿ ಗೇಟಿಗೆ ಅಡ್ಡಲಾಗಿ ಯಾರದೋ ಕಾರು ನಿಂತಿತ್ತು. ಒಳಗೆ ಹೋಗಲು ಮತ್ತೊಂದು ಸಾಲು, ಪುಣ್ಯಕ್ಕೆ ಅದಕ್ಕೆ ಟಿಕೆಟ್ ಇರಲಿಲ್ಲ.

ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಆರುವುದಿಲ್ಲ ಎಂಬುದು ಭಕ್ತರ ನಂಬಿಕೆ. ನಮ್ಮ ಬೀದಿದೀಪದ ಬಗ್ಗೆ ಅಂಥ ನಂಬಿಕೆ ಯಾರಿಗೂ ಇಲ್ಲ. ದೀಪಾಲಂಕಾರದ ಸೀರಿಯಲ್ ಸೆಟ್ ಬಿಚ್ಚುವಾಗ ಅದನ್ನೂ ಸೇರಿಸಿ ಆರಿಸಿ ಹೋಗುತ್ತಾರೆ.

ಬ್ಯಾರಿಕೇಡಿನ ಕಂಬ ಕಿತ್ತ ಕುಳಿಗಳು ಮಾತ್ರ ಉಳಿಯುತ್ತವೆ. ಮುಚ್ಚಿಸಿ ಎಂದು ಹೋದ ವರ್ಷ ಅರ್ಜಿ ಹಿಡಿದು ಹೋದೆವು. ಎಂಜಿನಿಯರ್ ಸಾಹೇಬರು ಓದಿ ಕನ್ನಡಕ ತೆಗೆದರು.

‘ಅಲ್ರೀ, ಮುಂದಿನ ವರ್ಷ ಮತ್ತೆ ಅಲ್ಲೇ ತಾನೆ ಕಂಬ ನೆಡೋದು?’