ಕಾಳಿಯನ್ನು ಬಿಟ್ಟು ತಕ್ಕೋಲಂ ಕತೆ ಹೇಳ್ಬೇಡಿ

ನಿನ್ನೆ ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯೋರಿಗಂತ ಮಾಡಿದ ಇತಿಹಾಸದ ಪಾಠವೊಂದನ್ನ ಯೂಟ್ಯೂಬಲ್ಲಿ ನೋಡ್ತಿದ್ದೆ. ಆತಕೂರು ಶಾಸನ, ಅಂದ್ರೆ ಮದ್ದೂರು ಸೀಮೆಯ ಆತಕೂರಿನ ಕಲ್ಲುಬರಹ, ಬಂತು. ಶಕ 872 (ಕ್ರಿ.ಶ. 949-50), ರಾಷ್ಟ್ರಕೂಟ ಮೂರನೇ ಕೃಷ್ಣ, ಚೋಳರ ರಾಜಾದಿತ್ಯ, ತಕ್ಕೋಲಂ ಯುದ್ಧ, ಗಂಗರ ಇಮ್ಮಡಿ ಬೂತುಗ. ಎಲ್ಲ ಬೋರ್ಡ್ ಮೇಲೆ ಬಂತು. ಕೊನೆಗೆ ಮೇಷ್ಟ್ರು, "ಇದರಲ್ಲಿ ಒಂದು ನಾಯಿ ವಿಷಯಾನೂ ಇದೆ, ಅದು ಪರೀಕ್ಷೆಗೆ ಬರಲ್ಲ, ಬಿಡಿ" ಅಂದು ಮುಂದಿನ ಪುಟಕ್ಕೆ ಹೋದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. ಶಾಸನ ಅಂದ್ರೆ ನಾನು ಹೇಗೆ ಆಡ್ತೀನಿ ಅಂತ ನಿಮಗೆ ಗೊತ್ತು. ಆದ್ರೆ ಈ ಸಿಟ್ಟು ಅಷ್ಟಕ್ಕೇ ಅಲ್ಲ.

ಆ ಕಲ್ಲು ಇರೋದೇ ಆ ನಾಯಿಗಾಗಿ, ಕಾಳಿ ಅನ್ನೋ ನಾಯಿಗಾಗಿ! ಯುದ್ಧಕ್ಕಾಗಿ ನೆಟ್ಟ ಕಲ್ಲಿನಲ್ಲಿ ನಾಯಿ ವಿಷಯ ಬಂದು ಸೇರಿಕೊಂಡದ್ದಲ್ಲ. ನಾಯಿಗಾಗಿ ನೆಟ್ಟ ಕಲ್ಲಿನಲ್ಲಿ ಯುದ್ಧದ ವಿಷಯ ಬಂದಿದೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಇವತ್ತಿನ ಅರಕ್ಕೋಣಂ ಹತ್ತಿರದ ತಕ್ಕೋಲಂನಲ್ಲಿ 949ರ ಸುಮಾರಿಗೆ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ಆಯ್ತು. ಕೃಷ್ಣನ ಕಡೆಯಿಂದ ಹೋದ ಸೇನಾನಿ ಬೂತುಗ, ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಆನೆ ಮೇಲಿದ್ದ ಚೋಳ ಯುವರಾಜ ರಾಜಾದಿತ್ಯನನ್ನ ಕೊಂದದ್ದು ಅವನೇ ಅಂತ ಈ ಕಲ್ಲು ಹೇಳುತ್ತೆ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 (ಅಂಕಿ ಆ ಕಾಲದ ನಾಡಿನ ಹೆಸರಿನ ಭಾಗ), ಹೀಗೆ ನಾಡಿಗೆ ನಾಡೇ ಕೊಟ್ಟ.

ಬೂತುಗನ ಕೈಕೆಳಗೆ ಕಾದಿದ ವೀರ ಮಣಲೇರ. ಅವನ ಸಾಹಸಕ್ಕೆ ಬೂತುಗ ಮೆಚ್ಚಿ ಏನು ಬೇಕು ಕೇಳು ಅಂದ. ಎಂಥ ಹೊತ್ತದು ನೋಡಿ. ಒಡೆಯ ಗೆದ್ದಿದ್ದಾನೆ, ಕೊಡೋ ಮನಸ್ಸಲ್ಲಿದ್ದಾನೆ. ಚಿನ್ನ ಕೇಳಬಹುದಿತ್ತು, ಆನೆ ಕುದುರೆ ಕೇಳಬಹುದಿತ್ತು. ಮಣಲೇರ ಕೇಳಿದ್ದು ಬೂತುಗನ ನಾಯಿಯನ್ನ. ಕಾಳಿಯನ್ನ.

ಕೇಳಿದವನ ಮನಸ್ಸು ಸರಿ, ಕೊಟ್ಟವನ ಮನಸ್ಸೂ ಯೋಚನೆ ಮಾಡಿ. ಸಾಕಿದ ನಾಯಿಯನ್ನ ಇನ್ನೊಬ್ಬರ ಕೈಗೆ ಕೊಡೋದು ಎಷ್ಟು ಕಷ್ಟ ಅಂತ ನಾಯಿ ಸಾಕಿದವರಿಗೆ ಹೇಳಬೇಕಾಗಿಲ್ಲ.

ಆಮೇಲೆ ಕೆಳಲೆ ನಾಡಲ್ಲಿ ಒಂದು ದೊಡ್ಡ ಕಾಡುಹಂದಿ ಮೇಲೆ ಕಾಳಿಯನ್ನ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು, ಒಟ್ಟಿಗೇ. ಮಣಲೇರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಡಿಸಿದ, ಜಮೀನು ಬಿಡಿಸಿದ. ಆ ದೇವಸ್ಥಾನ ನೋಡಿಕೊಳ್ಳೋ ಗೊರವ (ಶೈವ ಪೂಜಾರಿ) ಈ ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂತರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಅಂತ ಬರೆಸಿದ. ದೇವರ ಗುಡಿ ಮುಂದೆ, ನಾಯಿಯ ಕಲ್ಲಿಗೆ ಪೂಜೆ. ಸಾವಿರ ವರ್ಷದ ಹಿಂದೆ, ನಮ್ಮ ಮದ್ದೂರು ಸೀಮೇಲಿ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಅದರ ಮೇಲೆ ರಾಜಾದಿತ್ಯನ ಆನೆ ಇಲ್ಲ, ಬೂತುಗನ ಕತ್ತಿ ಇಲ್ಲ. ಇರೋದು ಹಂದಿ ಮೇಲೆ ಬಿದ್ದಿರೋ ನಾಯಿ. ಶಿಲ್ಪಿಗೆ ಯಾರ ಚಿತ್ರ ಕೆತ್ತಬೇಕು ಅಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಮೇಷ್ಟ್ರುಗಳಿಗೆ ಗೊತ್ತಿಲ್ಲ.

"ಅದು ಬೇಟೆನಾಯಿ ಕಣ್ರೀ, ಯುದ್ಧ ಮಾಡಿದ್ದಲ್ಲ. ರಾಜಕೀಯವಾಗಿ ದೊಡ್ಡದು ತಕ್ಕೋಲಂ ತಾನೇ?" ಅಂತ ಕೇಳೋರಿದ್ದಾರೆ. ಯುದ್ಧ ದೊಡ್ಡದೇ, ಇಲ್ಲ ಅಂದವರಾರು? ಆದ್ರೆ ಗೆದ್ದ ರಾಷ್ಟ್ರಕೂಟರ ರಾಜ್ಯ 973ರಲ್ಲಿ ಚಾಲುಕ್ಯರ ತೈಲಪನ ಕೈಗೆ ಹೋಯ್ತು. ಗಂಗರ ರಾಜಧಾನಿ ತಲಕಾಡನ್ನ ಇನ್ನು ಕೆಲವೇ ದಶಕದಲ್ಲಿ ಅದೇ ಚೋಳರು ಹಿಡಿದರು. ಇನ್ನೊಂದು ಮಾತು. ಚೋಳರ ತಾಮ್ರಪಟ ರಾಜಾದಿತ್ಯ ಆನೆ ಮೇಲೇ ಸತ್ತದ್ದನ್ನ ಹೇಳುತ್ತೆ, ಆದ್ರೆ ಕೊಂದವನು ಕೃಷ್ಣರಾಜ ಅನ್ನುತ್ತೆ. ಬೂತುಗನ ಹೆಸರು ಹೇಳೋದು ನಾಯಿಯ ಈ ಕಲ್ಲು. ಪರೀಕ್ಷೆಗೆ ಬರೋ ಆ ಉತ್ತರವನ್ನ ಉಳಿಸಿಕೊಟ್ಟದ್ದೇ ಪರೀಕ್ಷೆಗೆ ಬರದ ಕಾಳಿ. ಅದನ್ನ ಬಿಟ್ಟು ಹೇಳಿದ್ರೆ ಇತಿಹಾಸವೂ ಅರ್ಧ, ನ್ಯಾಯವೂ ಅಲ್ಲ.

ನನಗ್ಯಾಕೆ ಇಷ್ಟು ನೋವು ಅಂದ್ರೆ, ನಮ್ಮ ಕರಿಯ ಸತ್ತಾಗ ಅಪ್ಪ ಅವನನ್ನ ಹಿತ್ತಲ ತೆಂಗಿನ ಬುಡದಲ್ಲಿ ಹೂತು, ನರಿ ಗಿರಿ ಕೆದಕದಿರಲಿ ಅಂತ ಬಟ್ಟೆ ಒಗೆಯೋ ಕಲ್ಲನ್ನೇ ಎಳೆದು ತಂದು ಮೇಲೆ ಹಾಕಿದ್ರು. ಮನೆಗೆ ಬಂದಿದ್ದ ನೆಂಟರೊಬ್ಬರು "ಒಂದು ನಾಯಿಗೆ ಇದೆಲ್ಲ ಅತಿಯಾಯ್ತು" ಅಂದ್ರು. ಅಪ್ಪ ಮಾತಾಡ್ಲಿಲ್ಲ, ಕೈ ತೊಳೆಯೋಕೆ ಹೋದ್ರು. ಆಗ ನನಗೆ ಮಣಲೇರನ ಕತೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಅಲ್ಲೇ ನಿಂತು ಹೇಳ್ತಿದ್ದೆ. ಅತಿಯಾಗಿಲ್ಲ ಮಾವ, ನಮ್ಮ ನಾಡಲ್ಲಿ ಯುದ್ಧ ಮಾಡಿ ಬಂದ ಗಂಡಸೇ ನಾಯಿಗೆ ಕಲ್ಲು ನೆಟ್ಟು ಪೂಜೆಗೆ ಹೊಲ ಬಿಟ್ಟಿದ್ದಾನೆ ಅಂತ.

ಮೇಷ್ಟ್ರುಗಳೇ, ಮೊದಲು ಕಾಳಿಯ ಹೆಸರು ಹೇಳಿ. ಮಕ್ಕಳು ತಾವಾಗೇ ಕೇಳ್ತಾರೆ: ಯಾರ ನಾಯಿ, ಅವನು ಯಾಕೆ ಕೊಟ್ಟ, ಯಾವ ಯುದ್ಧ. ತಕ್ಕೋಲಂ, 949, ರಾಜಾದಿತ್ಯ ಎಲ್ಲ ಅದರ ಬೆನ್ನಿಗೇ ಬರುತ್ತೆ, ಬಾಯಿಪಾಠವೇ ಬೇಡ.

ಆತಕೂರು, ಕೆಳಲೆ ಕಡೆಯವರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ. ಊರಲ್ಲಿ ಹಿರಿಯರು ಈಗಲೂ ಈ ನಾಯಿ ಕತೆ ಹೇಳ್ತಾರಾ? ಹೇಳೋದಾದ್ರೆ ಬಂದು ಕೂತು ಕೇಳ್ಬೇಕು ನಾನು.